ರಿಪೇರಿ ಬೇಡವಾದ ದಿನಗಳು

2015ರ ಆಗಸ್ಟಿನಲ್ಲಿ ನನಗೆ ವೃಷಣದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಗ ವಯಸ್ಸು ಮೂವತ್ತೈದು. ಬೆಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಸಂಶೋಧನೆಯೆಲ್ಲ ಡಿಎನ್‌ಎಗೆ ಬೀಳುವ ಪೆಟ್ಟು ಮತ್ತು ಜೀವಕೋಶ ಅದನ್ನು ಸರಿಮಾಡಿಕೊಳ್ಳುವ ಬಗೆಯ ಮೇಲೆ.

ಗಂಟಿನಲ್ಲಿ ನೋವಿರಲಿಲ್ಲ. ಮೊದಲು ನೋಡಿದ ವೈದ್ಯರು ಸೋಂಕು ಎಂದು ಆಂಟಿಬಯಾಟಿಕ್ ಬರೆದುಕೊಟ್ಟರು. ಮಾತ್ರೆ ಮುಗಿಯಿತು, ಗಂಟು ಹಾಗೇ ಇತ್ತು. ಅಷ್ಟರಲ್ಲಿ ಸೊಂಟ ಹಿಡಿದುಕೊಳ್ಳತೊಡಗಿತು. ಮೂಳೆ ಡಾಕ್ಟರು ಕುರ್ಚಿ ಬದಲಾಯಿಸಿ ಎಂದರು. ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಅಂಟಿಕೊಂಡಂತಿರುವ ದುಗ್ಧಗ್ರಂಥಿಗಳಿಗೆ ಕ್ಯಾನ್ಸರ್ ಹಬ್ಬಿದೆಯೆಂದು ಸ್ಕ್ಯಾನಿಂಗ್ ಆದ ಮೇಲೆ ತಿಳಿಯಿತು. ರಕ್ತ ಪರೀಕ್ಷೆಯ ಚೀಟಿ ನೋಡಿದ ಲ್ಯಾಬಿನ ಹುಡುಗ, "ಸಾರ್, ಬೀಟಾ ಎಚ್‌ಸಿಜಿ ಪ್ರೆಗ್ನೆನ್ಸಿ ಟೆಸ್ಟು. ಮೇಡಂ ಹೆಸರು ಬರೀಬೇಕಿತ್ತು" ಎಂದ. ಗರ್ಭಿಣಿಯರಲ್ಲಿ ಏರುವ ಆ ಹಾರ್ಮೋನು ಈ ಗೆಡ್ಡೆಯಲ್ಲೂ ತಯಾರಾಗುತ್ತದೆಂದು ಅವನಿಗೆ ಹೇಳುವ ಹೊತ್ತಿಗೆ ನನಗೇ ನಗು ಬಂದಿತ್ತು. ಆ ತಿಂಗಳು ನಕ್ಕಿದ್ದು ಅದೊಂದೇ ಸಲ ಇರಬೇಕು.

ಅಮ್ಮನಿಗೆ "ಹೊಟ್ಟೆ ಒಳಗೆ ಗಂಟು" ಎಂದಷ್ಟೇ ಹೇಳಿದೆವು. ಆಮೇಲೆ ವಾರ್ಡಿನಲ್ಲಿ ಸಿಕ್ಕ ಇದೇ ಕಾಯಿಲೆಯ ಹುಡುಗರೂ "ಕೆಳಗೆ ಸ್ವಲ್ಪ ತೊಂದರೆ" ಎನ್ನುತ್ತಿದ್ದರು. ಸಾಮಾನ್ಯವಾಗಿ ಹದಿನೈದರಿಂದ ನಲವತ್ತರ ನಡುವಿನ ಗಂಡಸರಿಗೆ ಬರುವ ಕಾಯಿಲೆ ಇದು. ಹೆಸರು ಹಿಡಿದು ಹೇಳಲು ಅಷ್ಟು ಸಂಕೋಚಪಟ್ಟರೆ ಹೊತ್ತಿಗೆ ಸರಿಯಾಗಿ ತೋರಿಸಿಕೊಳ್ಳುವವರು ಯಾರು?

ಆಪರೇಷನ್ ದೊಡ್ಡದಾಗಿರಲಿಲ್ಲ. ತೊಡೆಸಂದಿಯಲ್ಲಿ ಕೊಯ್ದು ತೆಗೆದರು. ಕೀಮೋಗೆ ಮುಂಚೆ ವೀರ್ಯವನ್ನು ಬ್ಯಾಂಕಿನಲ್ಲಿ ಇಡಿಸಿ ಎಂದರು, ಇಡಿಸಿದೆವು. ಆಮೇಲೆ ಕ್ಯಾನ್ಸರ್ ವೈದ್ಯರು ಕೂರಿಸಿಕೊಂಡು ಮೂರು ಔಷಧಿಗಳ ಹೆಸರು ಬರೆದರು: ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. ಇಪ್ಪತ್ತೊಂದು ದಿನಕ್ಕೊಂದು ಸುತ್ತು, ಒಟ್ಟು ಮೂರು ಸುತ್ತು. "ಇವೆಲ್ಲ ಏನು ಮಾಡುತ್ತವೆ ಅಂತ ವಿವರಿಸಲಾ?" ಎಂದು ಕೇಳಿದರು. ಬೇಡ ಡಾಕ್ಟ್ರೇ ಎಂದೆ. ಮೂರೂ ಡಿಎನ್‌ಎಯನ್ನು ಹಾಳುಮಾಡುವ ಔಷಧಿಗಳೇ. ಬ್ಲಿಯೋಮೈಸಿನ್ ಕಬ್ಬಿಣ ಮತ್ತು ಆಮ್ಲಜನಕದ ನೆರವಿನಿಂದ ಎಳೆಯನ್ನು ಕತ್ತರಿಸುತ್ತದೆ. ಡಿಎನ್‌ಎಯ ಸಿಕ್ಕು ಬಿಡಿಸಲು ಎಳೆಯನ್ನು ಕತ್ತರಿಸಿ ಮತ್ತೆ ಬೆಸೆಯುವ ಒಂದು ಕಿಣ್ವ ಇದೆ. ಎಟೊಪೊಸೈಡ್ ಅದನ್ನು ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಸಿಸ್‌ಪ್ಲಾಟಿನ್ ವಿಷಯಕ್ಕೆ ಬಂದರೆ, ನನ್ನ ಪಿಎಚ್‌ಡಿಯ ಅರ್ಧ ಅದರ ಮೇಲೆಯೇ ನಿಂತಿತ್ತು.

ಅದೊಂದು ಹಳದಿ ಪುಡಿ. 1840ರ ದಶಕದಿಂದಲೂ ರಸಾಯನಶಾಸ್ತ್ರಜ್ಞರಿಗೆ ಗೊತ್ತಿದ್ದದ್ದು. ಆದರೆ 1970ರ ದಶಕದವರೆಗೆ ಅದರಿಂದ ಯಾವ ರೋಗಿಗೂ ಉಪಕಾರವಾಗಿರಲಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹರಿಸಿ ನೋಡುತ್ತಿದ್ದರು. ಅವು ಒಡೆದು ಎರಡಾಗುವುದನ್ನು ಬಿಟ್ಟು ಉದ್ದಕ್ಕೆ ಬೆಳೆಯತೊಡಗಿದವು. ಕಾರಣ ವಿದ್ಯುತ್ ಅಲ್ಲ, ಪ್ಲಾಟಿನಂ ಕಡ್ಡಿಗಳಿಂದ ಕರಗಿ ಬಂದಿದ್ದ ಲವಣ. 1965ರಲ್ಲಿ ಇದು ಪ್ರಕಟವಾಯಿತು, 1978ರಲ್ಲಿ ಸಿಸ್‌ಪ್ಲಾಟಿನ್‌ಗೆ ಅಮೆರಿಕದಲ್ಲಿ ಔಷಧಿಯೆಂದು ಒಪ್ಪಿಗೆ ಸಿಕ್ಕಿತು.

ಲ್ಯಾಬಿನಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟು. ಎರಡು ಗ್ವಾನಿನ್‌ಗಳು ಒಂದೇ ಒಂದು ಕಡೆ ಅಕ್ಕಪಕ್ಕ ಬರುವಂತೆ ಡಿಎನ್‌ಎಯ ಚಿಕ್ಕ ತುಂಡು ಕಟ್ಟುವುದು. ಅದಕ್ಕೆ ಸಿಸ್‌ಪ್ಲಾಟಿನ್ ಬೆರೆಸಿ ಕತ್ತಲಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು. ಪ್ಲಾಟಿನಂ ಆ ಎರಡು ಗ್ವಾನಿನ್‌ಗಳನ್ನು ಒಟ್ಟಿಗೆ ಹಿಡಿದು ಎಳೆಯನ್ನು ಬಗ್ಗಿಸಿಬಿಡುತ್ತದೆ. ಹೀಗೆ ಬಗ್ಗಿದ ತುಂಡನ್ನು ಬೇರ್ಪಡಿಸಿ, ವಿಕಿರಣ ಸೂಸುವ ರಂಜಕ-32 ಜೋಡಿಸಿ, ಮನುಷ್ಯ ಜೀವಕೋಶದ ಸಾರದೊಳಗೆ ಹಾಕಬೇಕು. ರಿಪೇರಿ ನಡೆದರೆ, ಕಿಣ್ವಗಳು ಪೆಟ್ಟು ಬಿದ್ದ ಜಾಗದ ಎರಡೂ ಬದಿ ಕತ್ತರಿಸಿ ಸುಮಾರು ಮೂವತ್ತು ಅಕ್ಷರಗಳ ತುಂಡೊಂದನ್ನು ಹೊರಗೆಸೆಯುತ್ತವೆ. ಜೆಲ್ ಓಡಿಸಿ, ಮೇಲೆ ಎಕ್ಸ್‌ರೇ ಫಿಲ್ಮ್ ಇಟ್ಟರೆ ಆ ತುಂಡು ಮಸುಕು ಗೆರೆಯಾಗಿ ಕಾಣಬೇಕು.

ಕಾಣುತ್ತಿರಲಿಲ್ಲ. ರಂಜಕ-32 ಎರಡು ವಾರಕ್ಕೆ ಅರ್ಧವಾಗಿಬಿಡುತ್ತದೆ. ಪಾರ್ಸೆಲ್ ಬಂದ ದಿನವೇ ಜೀವಕೋಶದ ಸಾರ ಕೆಟ್ಟಿರುತ್ತಿತ್ತು, ಸಾರ ಚೆನ್ನಾಗಿದ್ದ ವಾರ ಕರೆಂಟು ಕೈಕೊಡುತ್ತಿತ್ತು. ಜೊತೆಯವರು ಪೇಪರ್ ಬರೆದು ಮುಗಿಸುತ್ತಿದ್ದರೆ ನಾನು ಡಾರ್ಕ್ ರೂಮಿನಿಂದ ಖಾಲಿ ಫಿಲ್ಮ್ ಹಿಡಿದು ಹೊರಬರುತ್ತಿದ್ದೆ. ಕೊನೆಗೊಂದು ರಾತ್ರಿ ಗೆರೆ ಕಂಡಾಗ, ಇಷ್ಟು ಅಚ್ಚುಕಟ್ಟಾದ ಕೆಲಸ ನನ್ನ ಮೈಯ ಪ್ರತಿ ಜೀವಕೋಶದಲ್ಲೂ ನಡೆಯುತ್ತಿದೆಯಲ್ಲ ಎಂದು ಹಿಗ್ಗಿದ್ದೆ. ಅಲ್ಲಿಂದ ಮುಂದೆ ನನ್ನ ನಿಲುವು ಒಂದೇ: ರಿಪೇರಿ ಒಳ್ಳೆಯದು, ಅದು ಹೆಚ್ಚಾದಷ್ಟೂ ಒಳ್ಳೆಯದು.

ಲ್ಯಾಬಿನಲ್ಲಿ ಮೈಕ್ರೋಗ್ರಾಂ ಲೆಕ್ಕದ ಪುಡಿಗೂ ಎರಡು ಜೊತೆ ಗ್ಲೌಸ್, ಫ್ಯೂಮ್ ಹುಡ್. ವಾರ್ಡಿನಲ್ಲಿ ದಿನಕ್ಕೆ ಸುಮಾರು 34 ಮಿಲಿಗ್ರಾಂ ನೇರ ರಕ್ತಕ್ಕೆ, ಸುತ್ತಿಗೆ ಐದು ದಿನ. ಸಿಸ್ಟರ್ ಡ್ರಿಪ್ ಸಿಕ್ಕಿಸುವಾಗ ಅದು ಸಲೈನಿನಲ್ಲೇ ಇದೆಯಾ ಎಂದು ಚೀಟಿ ಓದುತ್ತಿದ್ದೆ. ಕ್ಲೋರೈಡ್ ಹೆಚ್ಚಿರುವ ಕಡೆ ಸಿಸ್‌ಪ್ಲಾಟಿನ್ ಸುಮ್ಮನಿರುತ್ತದೆ. ಜೀವಕೋಶದ ಒಳಗೆ ಕ್ಲೋರೈಡ್ ಕಡಿಮೆ, ಅಲ್ಲಿಗೆ ಹೋದ ಮೇಲೆ ಅದರ ಕ್ಲೋರಿನ್‌ಗಳು ಕಳಚಿ ಆ ಜಾಗಕ್ಕೆ ನೀರು ಬಂದು ಕೂರುತ್ತದೆ, ಮುಂದಿನ ಗುರಿ ಗ್ವಾನಿನ್. ಹೆಂಡತಿ, "ರೀ, ಆ ಬಾಟ್ಲೀನ ಯಾಕೆ ಹಂಗೆ ನೋಡ್ತೀರ? ಕಣ್ಣು ಮುಚ್ಚಿ ಮಲಗಿ" ಎನ್ನುತ್ತಿದ್ದಳು. ಕಣ್ಣು ಮುಚ್ಚಿದರೆ ಜೆಲ್ಲಿನ ಗೆರೆ ಕಾಣುತ್ತಿತ್ತು.

ವಾಂತಿ ಮಾತ್ರೆಗೆ ಬಗ್ಗಿದ್ದು ಮೊದಲ ದಿನ ಮಾತ್ರ. ನಿಜವಾದ ಹೊಟ್ಟೆ ತೊಳಸು ಮನೆಗೆ ಬಂದ ಮೇಲೆ. ಒಗ್ಗರಣೆ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡಬೇಕು. ಅನ್ನ, ನೀರು, ಎಲ್ಲಕ್ಕೂ ತಗಡಿನ ರುಚಿ. ಮೂತ್ರಪಿಂಡ ಉಳಿಯಲಿ ಎಂದು ಲೀಟರುಗಟ್ಟಲೆ ಸಲೈನ್ ಹರಿಸುತ್ತಿದ್ದರು, ಆದರೂ ಮೆಗ್ನೀಷಿಯಂ ಸೋರಿಹೋಗಿ ನಡುರಾತ್ರಿ ಕಾಲು ಸೆಟೆದುಕೊಳ್ಳುತ್ತಿತ್ತು. ಬ್ಲಿಯೋಮೈಸಿನ್ನನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಚರ್ಮದಲ್ಲೂ ಶ್ವಾಸಕೋಶದಲ್ಲೂ ಕಡಿಮೆ. ಹಾಗಾಗಿ ತುರಿಸಿಕೊಂಡಲ್ಲೆಲ್ಲ ಬೆನ್ನಿನ ಮೇಲೆ ಕಂದು ಬರೆ ಎದ್ದವು, ಯಾರೋ ಚಾಟಿ ಬೀಸಿದ ಹಾಗೆ. ಅಮ್ಮ ಅದನ್ನು ನೋಡಿಬಿಟ್ಟಳು. ಏನೂ ಕೇಳದೆ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತೆಂದು ಆಗ ಅರ್ಥವಾಯಿತು.

ಅಕ್ಟೋಬರ್ 7, ಬುಧವಾರ. ವಾರದ ಬ್ಲಿಯೋಮೈಸಿನ್‌ಗೆಂದು ಡೇ ಕೇರ್‌ನಲ್ಲಿ ಕೂತಿದ್ದೆ. ಮಧ್ಯಾಹ್ನ ಮೂರು ದಾಟಿತ್ತು, ಮೊಬೈಲು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಡಿಎನ್‌ಎ ರಿಪೇರಿಗೆ! ತೋಮಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್. ಲಿಂಡಾಲ್ ಅವರಿಂದಲೇ ಡಿಎನ್‌ಎ ಎಂಬುದು ಗಟ್ಟಿ ವಸ್ತುವಲ್ಲ, ಯಾರೂ ಮುಟ್ಟದಿದ್ದರೂ ದಿನವೂ ಸವೆಯುತ್ತದೆ ಎಂದು ಲೋಕಕ್ಕೆ ಗೊತ್ತಾದದ್ದು. ಸಂಜಾರ್ ತುರ್ಕಿಯ ಸಾವುರ್ ಎಂಬ ಸಣ್ಣ ಊರಿನವರು, ಮೊದಲು ವೈದ್ಯರಾಗಿದ್ದವರು, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿಯೂ ಹುದ್ದೆ ಸಿಗದೆ ಯೇಲ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದವರು. ನಾನು ಫಿಲ್ಮಿನಲ್ಲಿ ಹುಡುಕುತ್ತಿದ್ದ ಗೆರೆಯ ಕಥೆಯೆಲ್ಲ ಅವರ ಕೆಲಸದಿಂದ ಬಂದದ್ದು. ಗೆಳೆಯರು "ನಮ್ಮ ಫೀಲ್ಡಿಗೆ ಬಂತು" ಎಂದು ಕುಣಿಯುತ್ತಿದ್ದರು.

ಪಕ್ಕದ ಕುರ್ಚಿಯಲ್ಲಿದ್ದ ಆಟೋ ಓಡಿಸುವವರು, "ಏನ್ ಸಾರ್, ಒಳ್ಳೇ ಸುದ್ದೀನಾ?" ಎಂದರು. ಮೈಯೊಳಗಿನ ರಿಪೇರಿ ಕಂಡುಹಿಡಿದವರಿಗೆ ದೊಡ್ಡ ಬಹುಮಾನ ಬಂದಿದೆ ಎಂದೆ. "ಹಂಗಾದ್ರೆ ನಮ್ದೂ ರಿಪೇರಿ ಆಯ್ತದೆ ಬಿಡಿ" ಎಂದು ನಕ್ಕರು. ಹೌದು ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನಮ್ಮ ರಕ್ತಕ್ಕೆ ಇಳಿಯುತ್ತಿದ್ದ ಔಷಧಿಯ ಕೆಲಸ ಆಗಬೇಕಾದರೆ ಗೆಡ್ಡೆಯೊಳಗೆ ಆ ರಿಪೇರಿ ನಡೆಯಲೇಬಾರದು.

ಓದಿದ್ದು ನೆನಪಿತ್ತು. ವೃಷಣದ ಗೆಡ್ಡೆಯ ಕೋಶಗಳಲ್ಲಿ ಎಕ್ಸ್‌ಪಿಎ ಎಂಬ ರಿಪೇರಿ ಪ್ರೊಟೀನ್ ಕಡಿಮೆ ಎಂದು 1999ರಲ್ಲಿ ಲಂಡನ್ನಿನ ಸಂಶೋಧಕರು ತೋರಿಸಿದ್ದರು. ಪ್ಲಾಟಿನಂ ಕೂತ ಜಾಗವನ್ನು ಅವು ಕತ್ತರಿಸಿ ತೆಗೆಯಲಾರದೆ ಸಾಯುತ್ತವೆ. ಕಾರಣ ಇದೊಂದೇ ಅಲ್ಲ, ಆದರೂ 1974ರಲ್ಲಿ ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಸೇರಿಸಿಕೊಟ್ಟ ಮೇಲೆ, ಹಬ್ಬಿದರೆ ಸಾವೇ ಎನ್ನಿಸಿಕೊಂಡಿದ್ದ ಕಾಯಿಲೆ ಬಹುಪಾಲು ಗುಣವಾಗುವಂತಾಯಿತು. ದೇವರಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಆದರೂ ಮೂರನೇ ಸುತ್ತಿನಲ್ಲಿ ಒಂದು ವಿಚಿತ್ರ ಬೇಡಿಕೆ ಹಚ್ಚಿಕೊಂಡಿದ್ದೆ: ಕಿವಿಯಲ್ಲಿ ರಿಪೇರಿ ಆಗಲಿ, ಮೂತ್ರಪಿಂಡದಲ್ಲಿ ಆಗಲಿ, ಅಲ್ಲೊಂದು ಕಡೆ ಬೇಡ.

ಅರ್ಧ ನಡೆಯಿತು. ಹಾರ್ಮೋನು ಮಟ್ಟ ಇಳಿಯಿತು, ಗ್ರಂಥಿಗಳು ಕುಗ್ಗಿದವು, ಮೂತ್ರಪಿಂಡ ಉಳಿಯಿತು. ಕಿವಿ ಉಳಿಯಲಿಲ್ಲ. ಒಳಕಿವಿಯ ರೋಮಕೋಶಗಳು ಈ ಔಷಧಿಗೆ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಊರಿಗೆ ಹೋದರೆ ರಾತ್ರಿ ಜೀರುಂಡೆ ಕೇಳಿಸುವುದಿಲ್ಲ, ಒಳಗಿನಿಂದಲೇ ಒಂದು ಕೊಂಯ್ ಸದ್ದು ಸದಾ ಇರುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಎರಡೆರಡು ಸಲ ಪ್ರಶ್ನೆ ಕೇಳಬೇಕು.

ಸಿಸ್‌ಪ್ಲಾಟಿನ್ ಪಡೆದವರ ರಕ್ತದಲ್ಲಿ ಇಪ್ಪತ್ತು ವರ್ಷದವರೆಗೂ ಪ್ಲಾಟಿನಂ ಸಿಗುತ್ತದೆ. ಮೊನ್ನೆ ಪಾಠದಲ್ಲಿ ಇದನ್ನು ಹೇಳಿದೆ. ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಲೋಹ ಅಳೆಯುವ ಯಂತ್ರದಲ್ಲಿ ಪಳಗಿದವಳು, "ಸರ್, ನಿಮ್ಮ ರಕ್ತ ಕೊಡಿ, ನೋಡೇಬಿಡೋಣ" ಎಂದಳು. ಕೊಟ್ಟೆ. ಪ್ಲಾಟಿನಂ ಇತ್ತು, ಸಂಶಯವೇ ಇಲ್ಲದಷ್ಟು ಸ್ಪಷ್ಟವಾಗಿ. ಅವಳಿಗೆ ಅದನ್ನು ಥೀಸಿಸ್ಸಿಗೆ ಸೇರಿಸುವ ಆಸೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಗೈಡಿನ ರಕ್ತವನ್ನೂ ಸೇರಿಸುವ ಹಾಗಿಲ್ಲ, ಅರ್ಜಿ ಹಾಕು ಎಂದಿದ್ದೇನೆ.