ಆರಂಭ ಶಿಲ್ಕು

ಹೋದ ತಿಂಗಳು ಒಂದು ರಾತ್ರಿ ಎಷ್ಟು ಕರೆದರೂ ಮೊಮ್ಮಗಳು ಊಟಕ್ಕೆ ಏಳಲಿಲ್ಲ. ಡಿಪ್ಲೊಮಾ ಮೊದಲ ವರ್ಷ ಓದುತ್ತಿದ್ದಾಳೆ. ಮರುದಿನ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಪ್ಪಿಸಬೇಕಿತ್ತು. ಹೋಗಿ ನೋಡಿದರೆ ಕಣ್ಣಲ್ಲಿ ನೀರು.

“ಐದು ವಿಷಯದ ಅಂಕ ಕೂಡೋದು ತಾತ, ಅಷ್ಟೇ. 350 ಬರಬೇಕು. 33114 ಬರ್ತಿದೆ!”

ನನಗೆ ಕಂಪ್ಯೂಟರ್ ಗೊತ್ತಿಲ್ಲ. ಹಾಲಿನ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ತಾಳೆಯಾಗದಿದ್ದರೆ ಮೊದಲು ವ್ಯತ್ಯಾಸ ನೋಡುವುದು ಗುಮಾಸ್ತರ ಅಭ್ಯಾಸ. 33114ರಲ್ಲಿ 350 ಕಳೆದೆ. 32764 ಉಳಿಯಿತು.

“ಕೂಡಿದ್ದು ಸರಿಯಾಗೇ ಇರಬೇಕು ಪುಟ್ಟಿ. ಕೂಡೋಕೆ ಮುಂಚೇನೇ ಅಲ್ಲಿ 32764 ಇತ್ತೇನೋ. ಆರಂಭ ಶಿಲ್ಕು ಎಷ್ಟು ಬರೆದಿದ್ದೀಯ?”

“ಹಾಗಂದ್ರೆ?”

ಆಗ ಅವಳಿಗೆ ನನ್ನ ಹಳೆಯ ತಪ್ಪೊಂದನ್ನು ಹೇಳಿದೆ. ಕ್ಯಾಲ್ಕ್ಯುಲೇಟರ್ ಆಗಷ್ಟೇ ನಮ್ಮ ಕೈಗೆ ಬಂದಿದ್ದ ಕಾಲ. ವಾರದ ಬಟವಾಡೆಯ ದಿನ ಗಡಿಬಿಡಿಯಲ್ಲಿ, ಹಿಂದಿನವರ ಮೊತ್ತ ಅಳಿಸದೆ ಒಬ್ಬ ಅಜ್ಜಿಯ ಲೆಕ್ಕ ಕೂಡಿಬಿಟ್ಟೆ. ಮೂರು ದಿನದ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟುಗಳನ್ನು ಮೇಜಿನ ಮೇಲಿಟ್ಟರು. “ನಮ್ಮ ಒಂದು ಎಮ್ಮೆ ಇಷ್ಟು ಹಾಲು ಕೊಡಾಕಿಲ್ಲ ಕಣಪ್ಪಾ” ಅಂದರು. ಅವರು ವಾಪಸ್ ತರದಿದ್ದರೆ ಆ ಹಣ ನನ್ನ ಸಂಬಳದಲ್ಲಿ ಹಿಡಿಯುತ್ತಿದ್ದರು. ನನಗೆ ನಾಚಿಕೆಯಾಗಿದ್ದು ಅದಕ್ಕಲ್ಲ. ಮೊತ್ತ ಕಡಿಮೆ ಬಂದಿದ್ದರೆ ಆಕೆ ಸುಮ್ಮನೆ ಹೋಗಿಬಿಡುತ್ತಿದ್ದರಲ್ಲ!

ಪುಟ್ಟಿ ಪರದೆಯ ಕಡೆ ತಿರುಗಿದಳು. “ಅಯ್ಯೋ ತಾತ, ‘ಇಂಟ್ ಟೋಟಲ್’ ಅಂತ ಬರೆದು ಬಿಟ್ಟಿದ್ದೀನಿ!”

ಈಗ ಹೇಳಿಕೊಡುವ ಸರದಿ ಅವಳದಾಯಿತು. ಸಿ ಭಾಷೆಯಲ್ಲಿ ಯಾವುದೇ ಚರಕ್ಕೆ ಮೊದಲೇ ಹೆಸರೂ ಬಗೆಯೂ ಹೇಳಬೇಕು. ಪೂರ್ಣಸಂಖ್ಯೆಗೆ ಇಂಟ್, ದಶಮಾಂಶಕ್ಕೆ ಫ್ಲೋಟ್, ಒಂದು ಅಕ್ಷರಕ್ಕೆ ಚಾರ್. ಒಮ್ಮೆ ಹೇಳಿದ ಬಗೆ ಕೊನೆಯವರೆಗೂ ಬದಲಾಗದು. ಇದು ಅಡುಗೆಮನೆಯ ಡಬ್ಬಕ್ಕೆ ಚೀಟಿ ಅಂಟಿಸಿದ ಹಾಗೆ. ಆದರೆ ಚೀಟಿ ಅಂಟಿಸಿದ ಮಾತ್ರಕ್ಕೆ ಡಬ್ಬ ತೊಳೆದಂತಾಗಲಿಲ್ಲ. ಆ ಜಾಗದಲ್ಲಿ ಹಿಂದಿನ ಯಾವುದೋ ಕೆಲಸದ ಕಸ ಉಳಿದಿರಬಹುದು. ‘ಇಂಟ್ ಟೋಟಲ್ = 0’ ಎಂದು ಬರೆದರೆ ತೊಳೆದಂತೆ.

“ಹಾಲಿನ ಲೆಕ್ಕಕ್ಕೆ ಇಂಟ್ ಆಗುತ್ತಾ?” ಅಂತ ಕೇಳಿದೆ.

“ಬೇಡ ತಾತ. ಅದರಲ್ಲಿ 3.75 ಲೀಟರ್ ಹಾಕಿದರೆ 3 ಮಾತ್ರ ಉಳಿಯುತ್ತೆ.”

ಆ ಮುಕ್ಕಾಲು ಲೀಟರ್ ಹೋಗುವುದು ಅಜ್ಜಿಯ ಗಂಟಿನಿಂದಲೇ! ಜಾವಾ ಎಂಬ ಭಾಷೆ ಹೆಚ್ಚು ಕಟ್ಟುನಿಟ್ಟು ಎಂದಳು. 3.75ನ್ನು ಇಂಟ್‌ಗೆ ನೇರವಾಗಿ ಹಾಕಲು ಅದು ಬಿಡುವುದಿಲ್ಲ. ಲೆಕ್ಕದ ನಡುವಿನ ಇಂಥ ಚರಕ್ಕೆ ಬೆಲೆ ಕೊಡದೆ ಬಳಸಿದರೆ ಪ್ರೋಗ್ರಾಂ ಓಡುವ ಮೊದಲೇ ತಡೆಯುತ್ತದೆ. ಅಂಥ ಮೇಲಧಿಕಾರಿ ನನಗೂ ಇರಬೇಕಿತ್ತು.

ಸೊನ್ನೆ ಬರೆದಳು. 350 ಬಂತು.

ಸಾರು ಆರಿಹೋಗಿತ್ತು. ಇಬ್ಬರೂ ಮತ್ತೆ ಬಿಸಿ ಮಾಡಿಕೊಂಡು ಉಂಡೆವು.