ದವಡೆ ಮತ್ತು ಕಿರುಬೆರಳು

ಚಿಮ್ಮನಚೋಡದಲ್ಲಿ ಕ್ರಿಕೆಟ್ಟಿಗೆ ಕಳೆ ಬರುವುದು ತೊಗರಿ ರಾಶಿ ಮುಗಿದ ಮೇಲೆ. ಹೊಲ ಖಾಲಿಯಾಯಿತೆಂದರೆ ಮೂರು ತೊಗರಿ ಕಟ್ಟಿಗೆ ನೆಟ್ಟರೆ ಸ್ಟಂಪು, ಎರೆಮಣ್ಣಿನ ಬಿರುಕು ಮುಚ್ಚುವ ತನಕ ತುಳಿದರೆ ಪಿಚ್ಚು. ತೊಂಬತ್ತರ ದಶಕದಲ್ಲಿ ಅಲ್ಲಿ ಬೌಲಿಂಗ್ ಮಾಡುತ್ತಿದ್ದ ಹುಡುಗರೆಲ್ಲ ಅನಿಲ್ ಕುಂಬ್ಳೆಗಳೇ. ಸಚಿನ್ ಆಗಲು ಒಳ್ಳೆಯ ಬ್ಯಾಟು ಬೇಕು, ಶ್ರೀನಾಥ್ ಆಗಲು ರಟ್ಟೆಯಲ್ಲಿ ಕಸುವು ಬೇಕು. ಕುಂಬ್ಳೆ ಆಗಲು ಕ್ರೀಸಿನಲ್ಲಿ ಜಿಗಿದು, ತೋಳನ್ನು ಕಿವಿಗೆ ತಾಗುವಷ್ಟು ಮೇಲೆತ್ತಿ ನೇರಕ್ಕೆ ಹಾಕಿದರೆ ಸಾಕೆಂದು ನಂಬಿದ್ದೆವು. ಟೆನಿಸ್ ಚೆಂಡು ಹೇಗೂ ತಿರುಗುತ್ತಿರಲಿಲ್ಲ.

ಕುಂಬ್ಳೆಯವರ ಚೆಂಡೂ ತಿರುಗುವುದಿಲ್ಲ ಎಂದು ಬಲ್ಲವರು ಬಹಳ ಕಾಲ ಹೇಳಿದರು. ಆ ಮಾತು ನನಗೆ ಇಂದಿಗೂ ಸೇರದು. ತಿರುಗದ ಚೆಂಡಿಗೆ 132 ಟೆಸ್ಟುಗಳಲ್ಲಿ 619 ವಿಕೆಟ್ ಬೀಳುತ್ತವೆಯೇ? ಆಳು ಎತ್ತರ, ಹುಡುಗನಾಗಿದ್ದಾಗ ಮಧ್ಯಮ ವೇಗದ ಬೌಲಿಂಗ್ ಮಾಡಿದವರು. ಅಷ್ಟು ಮೇಲಿನಿಂದ ಬಿದ್ದ ಚೆಂಡು ಎದೆಮಟ್ಟ ಪುಟಿಯುತ್ತಿತ್ತು. ಹಿಂದೆ ಸರಿದವನ ಪ್ಯಾಡಿಗೆ ಬಡಿಯುತ್ತಿತ್ತು, ಮುಂದೆ ಬಂದವನ ಗ್ಲೌಸಿಗೆ ತಾಗಿ ಹತ್ತಿರ ನಿಂತವರ ಕೈ ಸೇರುತ್ತಿತ್ತು. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ 74 ರನ್ನಿಗೆ ಅವರ ಪಾಲಾದವು. 1956ರಲ್ಲಿ ಜಿಮ್ ಲೇಕರ್ ಮಾಡಿದ ಮೇಲೆ ಅಲ್ಲಿಯ ತನಕ ಟೆಸ್ಟಿನಲ್ಲಿ ಇನ್ನೊಬ್ಬರು ಮಾಡಿರದಿದ್ದ ಸಾಧನೆ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದಾಚೆ ಚೆಂಡು ಹಾಕಿದರು, ಹತ್ತನೆಯದು ತನ್ನ ಕೈಗೆ ಬರಬಾರದೆಂದು. ಆ ಓವರನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಅವರ ಮನೆತನದ ಹೆಸರು ಬಂದದ್ದು ಕಾಸರಗೋಡಿನ ಕುಂಬಳೆಯಿಂದ. ಅದು ಕನ್ನಡದ ನೈಋತ್ಯದ ತುದಿ, ನಮ್ಮೂರು ಈಶಾನ್ಯದ ತುದಿ. ಆದರೂ ‘ನಮ್ಮ ಕುಂಬ್ಳೆ’ ಎನ್ನಲು ಇಲ್ಲಿ ಯಾರೂ ಅಳುಕಲಿಲ್ಲ.

2002ರ ಮೇ. ಆಂಟಿಗಾದಲ್ಲಿ ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ನರ ಚೆಂಡು ಬಡಿದು ಕುಂಬ್ಳೆಯವರ ದವಡೆ ಮುರಿಯಿತು. ಊರಿಗೆ ಮರಳಿ ಆಪರೇಷನ್ ಮಾಡಿಸಿಕೊಳ್ಳಬೇಕಾಗಿದ್ದವರು, ತಲೆಯಿಂದ ಗದ್ದದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮೈದಾನಕ್ಕಿಳಿದು 14 ಓವರ್ ಹಾಕಿ, ಲಾರಾನನ್ನು ಎಲ್‌ಬಿ ಮಾಡಿ ಹೋದರು. ಬೌಲರುಗಳನ್ನು ಹೆಣವಾಗಿಸಿದ ಪಿಚ್ಚು ಅದು. ಭಾರತದ ಹನ್ನೊಂದೂ ಜನ, ಕೀಪರ್ ಅಜಯ್ ರಾತ್ರಾ ಸಹ, ಬೌಲ್ ಮಾಡಬೇಕಾಯಿತು. ಬಸ್ಸಿಗೆ ಬಂದ ಪತ್ರಿಕೆಯಲ್ಲಿ ಆ ಫೋಟೊ ನೋಡಿದ ನಮ್ಮ ಕಾಕಾ, “ಹಲ್ ಬ್ಯಾನಿಗಿ ಕಟ್ಟಿದಂಗ ಕಟ್ಯಾನಲ್ಲೋ” ಎಂದರು.

“ಇಲ್ಲ ಕಾಕಾ, ದವಡಿ ಮುರದದ.”

“ದವಡಿ ಮುರದದಂದ್ರ ಆಡ್ಲಾಕ ಯಾಕ ಬಂದಾನ?”

ಬೇರೆ ದಾರಿ ಇರಲಿಲ್ಲ, ಅದಕ್ಕೇ ಬಂದರು. ತಂಡದಲ್ಲಿ ಅವರ ಕೆಲಸ ಮಾಡುವವರು ಇನ್ನೊಬ್ಬರಿರಲಿಲ್ಲ. ಆ ಪಂದ್ಯ ಡ್ರಾ ಆಯಿತು, ಲಾರಾ ವಿಕೆಟ್ಟಿನಿಂದ ಗೆಲುವೇನೂ ಸಿಗಲಿಲ್ಲ. ಆ ಹದಿನಾಲ್ಕು ಓವರುಗಳ ಬೆಲೆ ಅದರಿಂದ ಒಂದು ಚೂರೂ ಕಡಿಮೆಯಾಗಿಲ್ಲ ಎನ್ನುವವನು ನಾನು.

ಆರು ವರ್ಷದ ಮೇಲೆ ಅದೇ ಕೋಟ್ಲಾ, ಎದುರಿಗೆ ಆಸ್ಟ್ರೇಲಿಯಾ. ದೀಪಾವಳಿ ಕಳೆದು ವಾರವಾಗಿರಲಿಲ್ಲ, ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟಿತ್ತು. ಕುಂಬ್ಳೆಯವರ ಎಡಗೈ ಕಿರುಬೆರಳು ಸೀಳಿ ಹನ್ನೊಂದು ಹೊಲಿಗೆ ಬಿದ್ದಿದ್ದವು. ಆ ಕೈಯಲ್ಲೇ ಮರಳಿ ಬಂದು, ತಮ್ಮದೇ ಚೆಂಡಿಗೆ ಮಿಚೆಲ್ ಜಾನ್ಸನ್ ಎತ್ತಿ ಹೊಡೆದದ್ದನ್ನು ಹಿಡಿದರು. ಅದೇ 619ನೆಯದು. 2008ರ ನವೆಂಬರ್ 2, ಭಾನುವಾರ, ಇನ್ನು ಆಡುವುದಿಲ್ಲ ಎಂದರು. ಜೊತೆಯವರು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು.

ಮುರಿದ ದವಡೆಯಲ್ಲಿ ಆಡಿದವರು ಕಿರುಬೆರಳಿಗೆ ಆಟ ಬಿಟ್ಟರಲ್ಲ ಎಂದು ಊರಲ್ಲಿ ಅಂದವರಿದ್ದರು. ನನಗೆ ಇವೆರಡೂ ಒಂದೇ ಮನಸ್ಸಿನ ತೀರ್ಮಾನಗಳಾಗಿ ಕಾಣುತ್ತವೆ. ಸರಣಿಯ ಮೊದಲ ಟೆಸ್ಟು ಬೆಂಗಳೂರಿನಲ್ಲಿ, ತವರಿನಲ್ಲೇ, ಅವರಿಗೆ ಒಂದೂ ವಿಕೆಟ್ ಸಿಕ್ಕಿರಲಿಲ್ಲ. ಭುಜದ ನೋವಿಗೆ ಮೊಹಾಲಿ ತಪ್ಪಿತು. ಅವರ ಜಾಗದಲ್ಲಿ ಬಂದ ಅಮಿತ್ ಮಿಶ್ರಾ ಮೊದಲ ಇನಿಂಗ್ಸಿನಲ್ಲೇ ಐದು ವಿಕೆಟ್ ತೆಗೆದರು. ಆಂಟಿಗಾದಲ್ಲಿ ತಂಡಕ್ಕೆ ಅವರು ಬೇಕಾಗಿತ್ತು, ನಿಂತರು. ದೆಹಲಿಯಲ್ಲಿ ತಂಡಕ್ಕೆ ಆ ಜಾಗ ಬೇಕಾಗಿತ್ತು, ನಾಯಕನಾಗಿದ್ದೂ ನಡು ಸರಣಿಯಲ್ಲಿ ಎದ್ದು ಕೊಟ್ಟರು. ನೋವಿನ ಲೆಕ್ಕ ಎರಡು ಸಲವೂ ಅವರು ಹಿಡಿಯಲಿಲ್ಲ. ಹತ್ತು ವಿಕೆಟ್ಟಿನ ಕುಂಬ್ಳೆಗಿಂತ ಈ ಕುಂಬ್ಳೆ ನನಗೆ ದೊಡ್ಡವರು.

ನಾಗಪುರದಲ್ಲಿ ಸರಣಿ 2-0 ಆದ ದಿನ ತೊಗರಿಗೆ ಕಾಯಿಕೊರಕದ ಔಷಧಿ ಹೊಡೆದು ಮನೆಗೆ ಬಂದು ಟಿವಿ ಹಚ್ಚಿದರೆ, ಧೋನಿ ಕುಂಬ್ಳೆಯವರನ್ನು ಕರೆದು ಟ್ರೋಫಿ ಹಿಡಿಸುತ್ತಿದ್ದರು. ಪಕ್ಕದಲ್ಲಿ ಕೂತ ಕಾಕಾ ಅವರ ಕೈಯನ್ನೇ ನೋಡುತ್ತಿದ್ದರು. “ಕಪ್ ಹಿಡೀಲಾಕ ಬರ್ತದಂದ್ರ ಬಾಲ್ ಹಾಕ್ಲಾಕ ಏನಾಗ್ಯದ?”

“ಜಾಗಾ ಸಣ್ಣವರಿಗಿ ಬಿಟ್ಟು ಕೊಟ್ಟಾನ ಕಾಕಾ.”

“ಛಲೋ ಮಾಡ್ಯಾನ. ಆದ್ರ ಇನ್ನೊಂದ್ ವರ್ಷ ಆಡಬೇಕಿತ್ತು.”

ಅವರು ಮಾಡಿದ್ದು ಸರಿ ಎಂದು ಇಷ್ಟೆಲ್ಲ ವಾದಿಸುವ ನನಗೂ ಆ ಇನ್ನೊಂದು ವರ್ಷ ಬೇಕಾಗಿತ್ತು.