ಯಾವ ಗಾಡಿಯನ್ನು ನಂಬುವುದು

ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕದ ಕಡೆಗೆ ತಿರುಗಿ ಸ್ವಲ್ಪ ದೂರ ಹೋದರೆ ಎಡನೀರು. ಮಧುವಾಹಿನಿ ಹೊಳೆ, ಅದರ ಬದಿಯ ಅಡಿಕೆ ತೋಟಗಳು, ಮಠ. ಕಾನೂನು ಓದಿದವರಿಗೆಲ್ಲ ಈ ಊರು ಕೇಶವಾನಂದ ಭಾರತೀ ಪ್ರಕರಣದಿಂದ ಗೊತ್ತು. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 7–6ರಲ್ಲಿ ಭಾಗವಾಗಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಕೆಡಿಸುವಂತಿಲ್ಲ ಎಂದು ಹೇಳಿದ್ದು ಈ ಮಠದ ಸ್ವಾಮೀಜಿ ಹೂಡಿದ ದಾವೆಯಲ್ಲಿ. ಆದರೆ ಸುತ್ತಮುತ್ತಲಿನ ನಮಗೆ ಮಠ ಎಂದ ಕೂಡಲೇ ಮೊದಲು ನೆನಪಾಗುವುದು ಯಕ್ಷಗಾನ. 2020ರ ಸೆಪ್ಟೆಂಬರ್ 6ರಂದು ತೀರಿಕೊಂಡ ಆ ಸ್ವಾಮೀಜಿಗೆ ಸಂಗೀತದ ಮೇಲೂ ಆಟದ ಮೇಲೂ ಇದ್ದ ಪ್ರೀತಿಯನ್ನು ಕಂಡವರು ಇಲ್ಲಿ ಎಷ್ಟೋ ಮಂದಿ.

ಆಟವೋ ತಾಳಮದ್ದಳೆಯೋ ಇದ್ದ ದಿನ ವಾಹನಗಳ ಸಾಲು ನೋಡಬೇಕು. ಕೆಎಲ್ 14ರ ಪಕ್ಕದಲ್ಲಿ ಕೆಎ 19, ಕೆಎ 21. ಬಣ್ಣ ಮಾಸಿದ ಜೀಪಿನ ಹಿಂದೆ ಹೊಸ ಇನ್ನೋವಾ. ಪ್ರಸಂಗದ ನಡುವೆ ಚಹಾಕ್ಕೆ ಎದ್ದು ಬಂದವರು ಯಾರದೋ ಬಾನೆಟ್ಟಿಗೆ ಒರಗಿ ನಿಲ್ಲುತ್ತಾರೆ. ಮಾತು ಮಳೆಯಿಂದ ಸುರುವಾಗಿ ಅಡಿಕೆ ಧಾರಣೆಗೆ ಬಂದು, ಅಲ್ಲಿಂದ ಗಾಡಿಗೆ ಬರುತ್ತದೆ.

"ಭಟ್ರೇ, ಇದು ಇನ್ನೂ ಓಡ್ತದಾ?" ಎನ್ನುತ್ತಾರೆ ದುಬೈಯಿಂದ ರಜೆಯಲ್ಲಿ ಬಂದವರು, ಹಳೆಯ ಮಾರುತಿಯ ಮೇಲೆ ಕೈಯಿಟ್ಟು.

"ಓಡದೆ ಎಂತ ಮಾರಾಯ್ರೆ? ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ನಿಮ್ಮದರಲ್ಲಿ ಒಂದು ಲೈಟ್ ಹೊತ್ತಿದರೆ ಮಂಗಳೂರಿಗೇ ಹೋಗ್ಬೇಕು."

"ಲೈಟ್ ಹೊತ್ತಿದರೆ ಅಲ್ವಾ ಹೋಗುವುದು? ಇದು ಟೊಯೊಟಾ."

ಈ ಮಾತುಕತೆ ನನಗೆ ತುಂಬ ಇಷ್ಟ. ತಾನು ದುಡಿದು ಕೊಂಡ ವಸ್ತುವನ್ನು ಜನ ಎಷ್ಟು ಗಮನವಿಟ್ಟು ನೋಡಿರುತ್ತಾರೆ ಎಂಬುದು ಆಗ ಗೊತ್ತಾಗುತ್ತದೆ. ಕ್ಲಚ್ ಪ್ಲೇಟು ಎಷ್ಟು ಕಿಲೋಮೀಟರಿಗೆ ಹೋಯಿತು, ಸಸ್ಪೆನ್ಶನ್ನಿನ ಬುಷ್ಷು ಯಾವ ಮಳೆಗಾಲದಲ್ಲಿ ಸದ್ದು ಮಾಡತೊಡಗಿತು, ಎಲ್ಲ ಬಾಯಿಪಾಠ.

ಸ್ವದೇಶಿ ಗಟ್ಟಿಯೋ ಫಾರಿನ್ ಗಟ್ಟಿಯೋ ಎಂಬ ವಾದ ಶುರುವಾದರೆ ಮಾತ್ರ ನನಗೆ ಮೊದಲು ಕೇಳಬೇಕೆನಿಸುವುದು, ಸ್ವದೇಶಿ ಎಂದರೆ ಯಾವುದು ಎಂದು. ಅಂಬಾಸಿಡರಿನಷ್ಟು ನಮ್ಮದು ಅನ್ನಿಸಿದ ಕಾರು ಬೇರೆ ಇಲ್ಲ. ಮದುವೆ ದಿಬ್ಬಣಕ್ಕೂ ಹೆರಿಗೆಗೂ ಅದೇ. ಅದು ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್; ಬಂಗಾಳದ ಉತ್ತರಪಾಡದಲ್ಲಿ ತಯಾರಾಯಿತು. ಪದ್ಮಿನಿ ಇಟಲಿಯ ಫಿಯೆಟ್. ನಮ್ಮ ಗುಡ್ಡದ ದಾರಿಗಳಲ್ಲಿ ಸರ್ವಿಸ್ ಓಡಿದ ಮಹೀಂದ್ರಾ ಜೀಪು ಅಮೆರಿಕದ ವಿಲ್ಲಿಸ್ ಸಂತತಿ, ಅದರೊಳಗೆ ಫ್ರಾನ್ಸಿನ ಪೀಜೋ ಪರವಾನಗಿಯ ಡೀಸೆಲ್ ಇಂಜಿನ್. ಇತ್ತ ಫಾರಿನ್ ಎಂದು ನಾವು ಕರೆಯುವ ಕ್ವಾಲಿಸ್, ಇನ್ನೋವಾಗಳು ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಕನ್ನಡದ ಹುಡುಗರ ಕೈಯಲ್ಲಿ ಜೋಡಣೆಯಾದವು. 2000ದ ಆರಂಭದಲ್ಲಿ ಬಂದ ಕ್ವಾಲಿಸ್ ಐದು ವರ್ಷ ಮಾರಾಟವಾಗಿ ನಿಂತಿತು. ಅದನ್ನು ಇವತ್ತೂ ಬಿಡದೆ ಇಟ್ಟುಕೊಂಡವರಿದ್ದಾರೆ. ಟಾಟಾದವರು 2008ರಲ್ಲಿ ಜಾಗ್ವಾರ್, ಲ್ಯಾಂಡ್ ರೋವರುಗಳನ್ನೇ ಕೊಂಡರು. ಗುರುತಿನ ಗೆರೆಯನ್ನು ಎಲ್ಲಿ ಎಳೆಯುವುದು?

ಇನ್ನೂ ಒಳಗೆ ಹೋದರೆ ಮತ್ತೂ ಸೋಜಿಗ. ಫಿಯೆಟ್ಟಿನ 1.3 ಲೀಟರ್ ಡೀಸೆಲ್ ಇಂಜಿನ್ ಮಾರುತಿಯ ಸ್ವಿಫ್ಟ್, ಡಿಸೈರುಗಳಲ್ಲೂ ಇತ್ತು, ಟಾಟಾದ ಇಂಡಿಕಾ ವಿಸ್ಟಾದಲ್ಲೂ ಇತ್ತು. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಜಾರಿಗೆ ಬರುವ ಹೊತ್ತಿಗೆ ಅದರ ಕಾಲ ಮುಗಿಯಿತು. ಅಷ್ಟರಲ್ಲಿ ಫಿಯೆಟ್ ಕಾರುಗಳು ಮಾರುಕಟ್ಟೆಯಲ್ಲಿ ಸೋತುಹೋಗಿದ್ದವು. "ಸ್ವಿಫ್ಟ್ ಡೀಸೆಲ್ ಅಂದ್ರೆ ಸ್ವಿಫ್ಟ್ ಡೀಸೆಲ್" ಎಂದು ಹೊಗಳಿದ್ದು ಅದೇ ಇಟಲಿಯ ಇಂಜಿನನ್ನು. ಅದೇ ಇಂಜಿನ್ ಫಿಯೆಟ್ ಹೆಸರಿನ ಕಾರಿನಲ್ಲಿ ಬಂದಾಗ ಕೊಳ್ಳುವವರು ಹಿಂಜರಿದರು. ಕಾರಣ ನಮ್ಮ ಜನರಿಗೆ ಚೆನ್ನಾಗಿ ಗೊತ್ತಿತ್ತು. ಮಾರುತಿಯ ಸಾಮಾನು ಎಲ್ಲ ಪೇಟೆಯಲ್ಲೂ ಸಿಗುತ್ತದೆ.

ಮಾರುತಿಯ ವಿಷಯಕ್ಕೆ ಬಂದರೆ, 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕೀ ಕೊಟ್ಟ ಆ 796 ಸಿಸಿಯ ಪುಟ್ಟ ಕಾರನ್ನು ನಂಬಲು ಮೊದಲು ಹಿರಿಯರು ಸಿದ್ಧರಿರಲಿಲ್ಲ. ತಗಡು ತೆಳು, ಚಕ್ರ ಸಣ್ಣದು, ಘಟ್ಟ ಹತ್ತುತ್ತದೆಯೇ ಎಂಬ ಅನುಮಾನ. ಅಂಬಾಸಿಡರಿನಲ್ಲಿ ಮಡಿಕೇರಿಗೆ ಹೋಗುವುದೆಂದರೆ ಸಂಪಾಜೆ ಕಳೆದ ಮೇಲೆ ಎಲ್ಲಾದರೂ ನಿಲ್ಲಿಸಿ, ರೇಡಿಯೇಟರಿಗೆ ತೊರೆಯ ನೀರು ಹೊಯ್ದು, ಹೊಗೆ ಆರುವವರೆಗೆ ಕೂರುವುದು ಪ್ರಯಾಣದ ಭಾಗವೇ ಆಗಿತ್ತು. ಮಾರುತಿ ನಿಲ್ಲದೆ ಹತ್ತಿ ಹೋಯಿತು. ಮೊದಮೊದಲ ಮಾರುತಿಗಳಲ್ಲಿ ಬಹುಪಾಲು ಬಿಡಿಭಾಗ ಜಪಾನಿನಿಂದಲೇ ಬರುತ್ತಿದ್ದವು. ಹಾಗಾಗಿ ಆ ಕಾಲದ ಗಾಡಿ ಇದ್ದವರು "ಇದು ಒರಿಜಿನಲ್ ಜಪಾನು" ಎಂದು ಬಹಳ ವರ್ಷ ಹೇಳಿಕೊಂಡರು. ಬರಬರುತ್ತ ಭಾಗಗಳೆಲ್ಲ ಇಲ್ಲಿಯವೇ ಆದವು. ಗಾಡಿ ಓಡುತ್ತಲೇ ಇತ್ತು. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತದ್ದು ಒಂದೇ ವರ್ಷ, 2014ರಲ್ಲಿ. ಈಗ ಹರಿಯಾಣದಲ್ಲಿ ತಯಾರಾಗುವ ಐದು ಬಾಗಿಲಿನ ಜಿಮ್ನಿ 2025ರಿಂದ ಜಪಾನಿಗೆ ಹೋಗುತ್ತಿದೆ. ಅಲ್ಲಿ ಕೆಲವೇ ದಿನಗಳಲ್ಲಿ ಬುಕಿಂಗ್ ಎಷ್ಟು ಬಂತೆಂದರೆ ಕಂಪನಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ನಿಜವಾದ ಫಾರಿನ್ ಗಾಡಿಯ ನೆನಪು ನಮ್ಮ ಜಿಲ್ಲೆಗೆ ಬಂದದ್ದು ಕೊಲ್ಲಿಯಿಂದ. ಕಾಸರಗೋಡಿನ ಎಷ್ಟು ಮನೆಗಳ ಒಲೆ ಆ ಮರಳುಗಾಡಿನ ದುಡಿಮೆಯಿಂದ ಉರಿದಿದೆ ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿ ಡ್ರೈವರಾಗಿದ್ದವರು ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪ್ಯಾಟ್ರೋಲುಗಳ ಬಗ್ಗೆ ಹೇಳುವಾಗ ದನಿಯೇ ಬೇರೆಯಾಗುತ್ತದೆ. ಬೇಸಿಗೆಯ ಕೆಂಡದಂಥ ದಾರಿಯಲ್ಲಿ ಏಸಿ ಹಾಕಿಕೊಂಡೇ ಗಂಟೆಗಟ್ಟಲೆ ಓಡಿ, ಲಕ್ಷಗಟ್ಟಲೆ ಕಿಲೋಮೀಟರ್ ಕಳೆದರೂ ಇಂಜಿನ್ ಬಿಚ್ಚದ ಗಾಡಿಗಳವು. ಅವರ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಆ ಗಾಡಿಗಳು ಇಲ್ಲಿಗೆ ಬರಲಾರವು. ಅಲ್ಲಿಯ ಸ್ಟೇರಿಂಗ್ ಎಡಗಡೆ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಸ್ಟೇರಿಂಗ್ ಬಲಗಡೆ ಇರಬೇಕು, ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು. ಮೇಲೆ ಸುಂಕದ ಭಾರ ಬೇರೆ. ಫಾರಿನ್ ಗಾಡಿಯ ಆಸೆಯ ಬೆನ್ನು ಹತ್ತಿದವರು ಅಡ್ಡದಾರಿ ಹಿಡಿದದ್ದೂ ಇದೆ. ಭೂತಾನಿನ ಮೂಲಕ ಸುಂಕ ತಪ್ಪಿಸಿ ಬಂದವೆಂಬ ಶಂಕೆಯ ಮೇಲೆ 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಅಧಿಕಾರಿಗಳು ಕೇರಳದ ಹಲವು ಕಡೆ ಹುಡುಕಾಡಿ ದುಬಾರಿ ಗಾಡಿಗಳನ್ನು ವಶಪಡಿಸಿಕೊಂಡರು.

ಕೊಲ್ಲಿಯ ರಸ್ತೆಗೂ ಇಲ್ಲಿಯ ರಸ್ತೆಗೂ ಹೋಲಿಕೆಯೇ ಸಲ್ಲದು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗಿದೆ, ಸರಿ. ಅದರಿಂದ ಇಳಿದು ತೋಟದ ಮನೆಗೆ ಹೋಗುವ ಕಚ್ಚಾ ದಾರಿ ಹಾಗೆಯೇ ಇದೆ: ಜೂನಿನಲ್ಲಿ ಜಾರುವ ಜೇಡಿ, ಅಡಿಗೆ ತಾಗುವ ಮುರಕಲ್ಲು. ಹೊಳೆಯ ತೇವ ಒಂದು ಕಡೆ, ಕಡಲ ಉಪ್ಪುಗಾಳಿ ಇನ್ನೊಂದು ಕಡೆ. ತುಕ್ಕು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿದ ಗಾಡಿಯ ವಯರು ಇಲಿಗಳ ಪಾಲು. ಜಪಾನಿನದಾಗಲಿ ಜರ್ಮನಿಯದಾಗಲಿ, ಇಲಿ ಕಡಿದ ವಯರನ್ನು ಹುಡುಕಿ ಬೆಸೆಯುವವನು ಹತ್ತಿರದಲ್ಲಿ ಬೇಕು.

ಈ ಹತ್ತಿರ ಎಂಬುದು ನಮ್ಮ ಕಡೆ ಜೀವದ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಎದೆನೋವು ಬಂದರೆ ಎಡನೀರಿನವರು ನೋಡುವುದು ಮಂಗಳೂರಿನ ಕಡೆಗೆ, ಸುಮಾರು 60 ಕಿಲೋಮೀಟರ್. ಇದೇ ರಸ್ತೆಯಲ್ಲಿ ಬದಿಯಡ್ಕ ದಾಟಿದರೆ ಉಕ್ಕಿನಡ್ಕದಲ್ಲಿ ಕಾಸರಗೋಡು ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿದೆ. ಆದರೂ ದೊಡ್ಡ ಕಾಯಿಲೆಗೆ ಜನ ಇವತ್ತೂ ಗಡಿ ದಾಟುತ್ತಾರೆ. ಆ ಹೊತ್ತಿಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ ಗಾಡಿಯೇ ದೊಡ್ಡದು. 2020ರ ಮಾರ್ಚಿನಲ್ಲಿ, ಕೋವಿಡ್ ಸಮಯದಲ್ಲಿ, ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಜೀವಗಳು ಹೋದವು. ಯಾವ ಕಂಪನಿಯ ಗಾಡಿಯೂ ಆ ಮಣ್ಣಿನ ರಾಶಿಯನ್ನು ದಾಟಲಿಲ್ಲ. ಆ ದಿನಗಳನ್ನು ಈ ಜಿಲ್ಲೆ ಮರೆಯಬಾರದು ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಗಾಡಿ ಗಟ್ಟಿ ಇದ್ದರೂ ಕಂಪನಿಯೇ ಎದ್ದು ಹೋದರೆ? 1990ರ ದಶಕದಲ್ಲಿ ಪೀಜೋ 309 ಕೊಂಡವರು ಅದನ್ನು ಕಂಡರು. ಕಲ್ಯಾಣದ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ನಿಂತಿತು, ಒಳ್ಳೆಯ ಕಾರು ಬಿಡಿಭಾಗವಿಲ್ಲದೆ ಶೆಡ್ಡಿನಲ್ಲಿ ಕೂತಿತು. 2017ರಲ್ಲಿ ಷೆವರ್ಲೆ ಮಾರಾಟ ಮುಗಿಯಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ತಾನು ಭಾರತದಲ್ಲಿ ಕಾರು ತಯಾರಿಸುವುದಿಲ್ಲ ಎಂದಿತು.

ಇನ್ನು ಗಟ್ಟಿತನವೆಂದರೆ ಇಂಜಿನ್ ಮಾತ್ರವೆಂದು ತಿಳಿದಿದ್ದ ನಮ್ಮ ಕಣ್ಣು ತೆರೆಸಿದ್ದು 2014ರ ಜನವರಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿ ಮಾರುವ ಐದು ಸಣ್ಣ ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಮಾದರಿಗಳವು. ಮಾರುತಿ, ಟಾಟಾ, ಹ್ಯುಂಡೈ, ಫೋರ್ಡ್, ಫೋಕ್ಸ್‌ವ್ಯಾಗನ್, ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ. ಜರ್ಮನಿಯ ಹೆಸರು ಇದ್ದರೂ ಉಪಯೋಗವಾಗಲಿಲ್ಲ. 2018ರ ಡಿಸೆಂಬರಿನಲ್ಲಿ ಅದೇ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ಟಾಟಾದ ನೆಕ್ಸಾನ್. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ.

ನನಗೆ ನಿಜವಾದ ಆತಂಕ ಇರುವುದು ಬೇರೆ ಕಡೆ. ಜೀಪಿನ ಗೇರ್‌ಬಾಕ್ಸಿನ ದೋಷವನ್ನು ಸದ್ದು ಕೇಳಿಯೇ ಪತ್ತೆ ಹಚ್ಚುತ್ತಿದ್ದ ಮೆಕ್ಯಾನಿಕ್ಕುಗಳು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಆದರೆ ಈಗಿನ ಗಾಡಿಯಲ್ಲಿ ಎಲ್ಲವೂ ಸೆನ್ಸರು, ಸಾಫ್ಟ್‌ವೇರು. ಸ್ಕ್ಯಾನರ್ ಇಲ್ಲದೆ ದೋಷ ಕಾಣುವುದಿಲ್ಲ, ಕೈಪಿಡಿ ಕಂಪನಿಯ ಹತ್ತಿರ ಮಾತ್ರ. ಸಣ್ಣ ಗ್ಯಾರೇಜುಗಳು ಮುಚ್ಚಿದರೆ ತೋಟದ ಮನೆಯವರಿಗೆ ಯಾವ ಗಾಡಿಯೂ ನಂಬಿಕೆಯದ್ದಾಗಿ ಉಳಿಯುವುದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ವಾಹನಗಳೂ ಅದರಲ್ಲಿ ಸೇರಿವೆ. ಅದು ಜಾಲತಾಣಕ್ಕೆ ನಿಲ್ಲದೆ ಕಾನೂನಿನ ಬಲ ಪಡೆಯಬೇಕು.

ಹೊಸ ಗಾಡಿ ನೋಡುತ್ತಿರುವವರಿಗೆ ನನ್ನ ಕೋರಿಕೆ ಇಷ್ಟೇ. ಷೋರೂಮಿಗೆ ಹೋಗುವ ಮುಂಚೆ ನಿಮ್ಮ ಪೇಟೆಯ ಗ್ಯಾರೇಜಿಗೆ ಹೋಗಿ. ಈ ಮಾದರಿಯ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಎದುರಿನ ಗಾಜು ಕಾಸರಗೋಡಿನಲ್ಲಿ ಸಿಗುತ್ತದೆಯೇ, ಎಷ್ಟು ದಿನಕ್ಕೆ, ಎಷ್ಟು ದುಡ್ಡಿಗೆ ಎಂದು ಕೇಳಿ. ಅದೇ ಗಾಡಿಯನ್ನು ಲಕ್ಷ ಕಿಲೋಮೀಟರ್ ಓಡಿಸಿದವರೊಬ್ಬರನ್ನು ಹುಡುಕಿ ಮಾತಾಡಿ. ನಕ್ಷತ್ರ ಎಷ್ಟು ಎಂದು ನೋಡಿ. ಅದು ಯಾವ ದೇಶದ್ದು ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಕೊನೆಗೆ ಇಡಿ.